ಚಿಟ್ಟೆ ಮೇಲು, ಗಿಡ ಕೀಳು

ಸಸ್ಯಶಾಸ್ತ್ರದ ಮೇಡಂ ಏದುಸಿರು ಬಿಡುತ್ತಾ ಕೆರೆಗೆ ಬರುವಷ್ಟರಲ್ಲಿ ಯಂತ್ರ ಅರ್ಧ ದಡವನ್ನು ಬೋಳಿಸಿಯಾಗಿತ್ತು. ನೀರಲ್ಲಿ ಬೇರೂರಿದ್ದ ಮುಳ್ಳುಗಿಡಗಳು ನೇರಳೆ ಹೂವಿನ ಸಮೇತ ಬುಡಮೇಲಾಗಿ, ಕೆಸರಿನ ಗುಡ್ಡೆಯಾಗಿ ಬಿದ್ದಿದ್ದವು.

"ನಿಲ್ಲಿಸ್ರೀ!" ಎಂದು ಅವಳು ಯಂತ್ರಕ್ಕೆ ಅಡ್ಡ ನಿಂತಳು.

ಚಾಲಕ ಇಂಜಿನ್ ಆರಿಸಿ, ಜೇಬಿನಿಂದ ಆದೇಶದ ಪ್ರತಿ ತೆಗೆದುಕೊಟ್ಟ. "ನನ್ ಮೇಲೆ ಹಾರಾಡಿದ್ರೆ ಏನು ಬಂತು ಮೇಡಂ? ತಿಳಿದೋರೇ ಬರ್ಕೊಟ್ಟಿದ್ದಾರೆ."

ಹಾಳೆಯಲ್ಲಿ ಎಡಕ್ಕೆ ಚಿಟ್ಟೆ, ಬಲಕ್ಕೆ ಗಿಡ, ಒಂದಕ್ಕೊಂದು ಹೋಲಿಕೆ. ಚಿಟ್ಟೆ: ಕಿತ್ತಳೆ ರೆಕ್ಕೆ, ಮೇಲೆ ನವಿಲುಗಣ್ಣು, ಜನಾಕರ್ಷಣೆ ಹೆಚ್ಚು. ಗಿಡ: ಮುಳ್ಳು, ಕೆಸರು, ಸೊಳ್ಳೆ, ಉಪಯೋಗ ಶೂನ್ಯ. ಷರಾ: ಗಿಡ ಕಿತ್ತು ಚಿಟ್ಟೆ ಉದ್ಯಾನ ಮಾಡಬಹುದು. ಕೆಳಗಿನ ಸಹಿ ನೋಡಿ ಅವಳ ಮೈ ಉರಿದುಹೋಯಿತು. ಆ ಅಕ್ಷರಗಳನ್ನು ಕೈಹಿಡಿದು ತಿದ್ದಿಸಿದವಳು ಅವಳೇ. ಸ್ವಂತ ತಮ್ಮ! ಇಪ್ಪತ್ತು ವರ್ಷದಿಂದ ಚಿಟ್ಟೆಯ ಜಪ ಮಾಡುತ್ತಿದ್ದವನು.

ತಮ್ಮ ಏರಿಯ ಮೇಲೆ ಉದ್ಯಾನದ ಫಲಕ ನೆಡಿಸುತ್ತಿದ್ದ. ಅವಳು ಹಾಳೆಯನ್ನು ಅವನ ಮುಖಕ್ಕೇ ಹಿಡಿದಳು.

"ನಿನ್ನ ಚಿಟ್ಟೆ ಮೊಟ್ಟೆ ಇಡೋದೆಲ್ಲೋ?"

"ಅಕ್ಕಾ, ಜನ ನೋಡ್ತಿದ್ದಾರೆ…"

"ನೋಡ್ಲಿ. ಎಲ್ಲಿ, ಹೇಳು!"

"ಇದೇ ಗಿಡದ ಮೇಲೆ."

"ಮರಿಹುಳ ತಿನ್ನೋದು?"

ಅವನು ತಲೆ ತಗ್ಗಿಸಿದ. "ಇದೇ ಎಲೆ."

"ಗೊತ್ತಿದ್ದೂ ಬರೆದ್ಯಲ್ಲೋ ಪಾಪಿ!"

"ಸಾಹೇಬ್ರಿಗೆ ಎರಡರಲ್ಲಿ ಯಾವುದು ಮೇಲು ಅಂತ ಬೇಕಿತ್ತು. ಬರೀದೆ ಇದ್ದಿದ್ರೆ ಕೆರೆಯನ್ನೇ ಮುಚ್ಚಿಬಿಡೋರು. ಚಿಟ್ಟೆನಾದ್ರೂ ಉಳೀಲಿ ಅಂತ… ಹೂಗಿಡ ಹಾಕಿಸ್ತೀನಕ್ಕ, ಬಗೆಬಗೆ ಹೂವು."

"ಹೂವು ದೊಡ್ಡ ಚಿಟ್ಟೆಗಾಯ್ತು. ಕೂಸಿಗೇನು? ನಿನ್ನ ಫಲಕ ತಿನ್ನಿಸ್ತೀಯಾ?"

ಹಿಂದೆ ಯಂತ್ರ ಮತ್ತೆ ಗುರುಗುಟ್ಟಿತು. ಕೆನ್ನೆಗೆ ಬಾರಿಸಲು ಎದ್ದ ಕೈಯನ್ನು ಅವಳು ಕಷ್ಟಪಟ್ಟು ಇಳಿಸಿದಳು. ನೆಟ್ಟಗೆ ಕೆಸರಿನ ಗುಡ್ಡೆಗೆ ಹೋಗಿ ಮುಳ್ಳಿನೊಳಗೆ ಕೈ ತೂರಿಸಿದಳು. ಮೊಣಕೈವರೆಗೂ ಗೀರಿ ರಕ್ತ ಜಿನುಗಿತು. ಬಾಡಿದ ಎಲೆಯೊಂದಕ್ಕೆ ಕಚ್ಚಿಕೊಂಡಿದ್ದ ಮರಿಹುಳವನ್ನು ಮೆಲ್ಲಗೆ ಬಿಡಿಸಿ ತಂದು, ತಮ್ಮನ ಅಂಗೈ ಮೇಲಿಟ್ಟಳು.

"ತಗೋ. ಇನ್ಮೇಲೆ ನೀನೇ ಸಾಕು."

ಆ ಕರಿ ಹುಳ ತಲೆಯಾಡಿಸುತ್ತಾ ಅವನ ತೋರುಬೆರಳಿನ ತುದಿಯವರೆಗೂ ಹೋಯಿತು. ಎಲೆ ಸಿಗಲಿಲ್ಲ. ಹಿಂದಿರುಗಿ ಬಂದು, ನಡುಬೆರಳನ್ನು ಹತ್ತತೊಡಗಿತು.