ಮಾತ್ರೆ ಪೆಟ್ಟಿಗೆಯ ಬೀಗ

ಪೆಟ್ಟಿಗೆಯ ಬೀಗದ ಸುತ್ತ ಹೊಸ ಗೀರುಗಳಿದ್ದವು. ಅಕ್ಕ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಗೀರುಗಳು ಅಲ್ಲೇ ಇದ್ದವು.

ಒಳಗಿದ್ದದ್ದು ತಮ್ಮನ ನೋವಿನ ಮಾತ್ರೆ. ಎಣಿಸಿದಳು. ಸರಿಯಾಗಿತ್ತು. ಆದರೂ ಇನ್ನೊಮ್ಮೆ ಎಣಿಸಿದಳು.

ತಮ್ಮ ಬೀಗ ರಿಪೇರಿಯವನು. ಊರಿನ ಅರ್ಧ ಬಾಗಿಲುಗಳು ಅವನ ಮಾತು ಕೇಳುತ್ತಿದ್ದವು. ಮಾತ್ರೆಯ ಚಟ ಹತ್ತಿದ್ದ ಕಾಲದಲ್ಲಿ ಅಕ್ಕನ ಬೀರುವೂ ಕೇಳಿತ್ತು. ಒಂದು ಗೀರೂ ಬೀಳದೆ ಅಮ್ಮನ ಬಳೆಗಳು ಮಾಯವಾಗಿದ್ದವು. ಚಟ ಬಿಟ್ಟು ಕೆಲವು ವರ್ಷವಾಗಿತ್ತು. ಈಗ ಏಣಿಯಿಂದ ಬಿದ್ದು, ಬಲಭುಜದ ಆಪರೇಷನ್ ಮಾಡಿಸಿಕೊಂಡು, ಕೈಯನ್ನು ಎದೆಗೆ ಬಿಗಿದು ಕಟ್ಟಿಸಿಕೊಂಡು ಅಕ್ಕನ ಮನೆಗೆ ಬಂದಿದ್ದ. ಹಳೇ ಕಥೆಯನ್ನೆಲ್ಲ ಡಾಕ್ಟರಿಗೆ ಅವನೇ ಹೇಳಿದ್ದ.

"ನೋವು ಸಹಿಸ್ಕೊಂಡು ಕೂರೋದು ಬೇಡ," ಎಂದಿದ್ದರು ಡಾಕ್ಟರು. "ಮಾತ್ರೆ ತಗೊಳ್ಳಲೇಬೇಕು. ಆದ್ರೆ ಹೇಳಿದ ಹೊತ್ತಿಗೆ, ಅಕ್ಕನ ಕೈಯಿಂದ."

ಅಕ್ಕ ಅಂದೇ ಈ ತಗಡಿನ ಪೆಟ್ಟಿಗೆ ಕೊಂಡು ತಂದಳು. ಕೀಲಿ ಅವಳ ಸರದಲ್ಲಿ. ತಮ್ಮ ಮಾತ್ರೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಬೇಕು. ಐವತ್ತು ದಾಟಿದ ಗಂಡಸು ಮರುಮಾತಾಡದೆ ತೋರಿಸುತ್ತಿದ್ದ.

"ಈ ಬೀಗ ಎಲ್ಲಿ ತಗೊಂಡೆ?" ಎಂದ, ಬೆಳಗಿನ ಮಾತ್ರೆ ನುಂಗಿ.

"ಯಾಕೆ?"

"ಏನಿಲ್ಲ. ನೋಡ್ತಾ ಕೂತ್ರೆ ಕೈ ಸುಮ್ನಿರಲ್ಲ."

ಅಕ್ಕ ಗೀರಿನ ವಿಷಯ ಎತ್ತಲಿಲ್ಲ. ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುವಾಗ ಅವನು ತನ್ನ ಅಂಗಡಿಗೆ ಫೋನ್ ಮಾಡುತ್ತಿದ್ದದ್ದು ಕೇಳಿಸಿತು. ಮೇಜಿಗೆ ಬಿಗಿದು ಸಾಮಾನನ್ನು ಅಲ್ಲಾಡದಂತೆ ಕಚ್ಚಿ ಹಿಡಿಯುವ ವೈಸ್ ಬೇಕಂತೆ. ಗಟ್ಟಿ ಸ್ಪ್ರಿಂಗ್ ಬೇಕಂತೆ. ಬೇಗ ಬೇಕಂತೆ.

ಲಾಂಡ್ರಿಯಲ್ಲಿ ಅವಳು ಯಾರದೋ ಅಂಗಿಯ ಕಾಲರ್ ಸುಟ್ಟಳು. ಮಾಲೀಕ ಬೈಯುವ ಮೊದಲೇ ಅರ್ಧ ದಿನ ರಜೆ ಹೇಳಿ ಮನೆಗೆ ಓಡಿದಳು.

ಪೆಟ್ಟಿಗೆ ವೈಸ್‌ನ ದವಡೆಯಲ್ಲಿತ್ತು. ಮುಚ್ಚಳ ಹಾರು ಹೊಡೆದಿತ್ತು. ಮಾತ್ರೆಗಳು ಮೇಜಿನ ಮೇಲೆ. ತಮ್ಮನ ಎಡಗೈಯಲ್ಲಿ ಸ್ಕ್ರೂಡ್ರೈವರ್, ಮುಖದ ತುಂಬ ಬೆವರು.

"ನಾಚಿಕೆ ಆಗಲ್ವೇನೋ ನಿನಗೆ!" ಅಕ್ಕ ಬಾಗಿಲಲ್ಲೇ ಕೂಗಿದಳು. "ನಿನ್ನ ನಂಬಿದ್ನಲ್ಲ, ನನಗೆ ಬುದ್ಧಿ ಇಲ್ಲ. ಮತ್ತೆ ನಿನ್ನ ಕಳ್ಕೊಳ್ಳೋ ಶಕ್ತಿ ನನಗಿಲ್ಲ ಕಣೋ."

"ಎಣಿಸು."

ಎಣಿಸಿದಳು. ಒಂದೂ ಕಡಿಮೆಯಿರಲಿಲ್ಲ.

ತಮ್ಮ ಮಾತ್ರೆಗಳನ್ನು ಅವಳಿಂದಲೇ ಒಳಗಿಡಿಸಿದ. ಮುಚ್ಚಳ ಒತ್ತಿ, ಪೆಟ್ಟಿಗೆಯನ್ನು ವೈಸ್‌ನಿಂದ ಬಿಡಿಸಿ ಅವಳತ್ತ ತಳ್ಳಿದ.

"ತೆಗಿ ನೋಡೋಣ."

ಅಕ್ಕ ಕೀಲಿ ತಿರುಗಿಸಿದಳು. ಬೀಗ ಜಪ್ಪಯ್ಯ ಅನ್ನಲಿಲ್ಲ.

"ಹಿಂದ್ಗಡೆ ಒಂದು ಗುಂಡಿ ಹಾಕಿದೀನಿ. ಅದನ್ನ ಒಂದು ಕೈಲಿ ಗಟ್ಟಿಯಾಗಿ ಒತ್ತಿ ಹಿಡ್ಕೊಂಡೇ ಕೀಲಿ ತಿರುಗಿಸ್ಬೇಕು."

ಹಾಗೆ ಮಾಡಿದಳು. ಮುಚ್ಚಳ ತೆರೆಯಿತು. ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ.

"ಈ ವೈಸನ್ನ ಈಗ್ಲೇ ಅಂಗಡಿಗೆ ವಾಪಸ್ ಕಳಿಸ್ಬಿಡು," ಎಂದ ತಮ್ಮ, ಎದೆಗೆ ಕಟ್ಟಿದ್ದ ಬಲಗೈಯನ್ನು ನೋಡಿಕೊಳ್ಳುತ್ತ. "ನಿನ್ನ ಬೀಗ ತೆಗಿಯೋಕೆ ನನಗೆ ಒಂದು ಕೈ ಸಾಕಾಗಿತ್ತು, ಅಕ್ಕ. ಇದಕ್ಕೆ ಎರಡು ಬೇಕು."