ಪೂರ್ವದ ಕಿಟಕಿ

"ಅಮ್ಮನ ಪೆಟ್ಟಿಗೆ ಎಲ್ಲಿಡಲಿ?" ಎಂದು ಹೆಂಡತಿ ಕೇಳಿದಾಗ ನಾನು ಪೂರ್ವದ ಕೋಣೆಯಲ್ಲಿ ಆರ್ಕಿಡ್ ಕುಂಡಗಳ ನಡುವೆ, ಬೆಳಕು ಅಳೆಯುವ ಮೀಟರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದೆ. ತಲೆಯೆತ್ತದೆ, "ಉತ್ತರದ ಕೋಣೆಗೆ" ಎಂದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು ನಾನು. ಯಾವ ಜಾಗಕ್ಕೆ ಯಾವುದು ಒಗ್ಗುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ ಎಂಬ ಹೆಮ್ಮೆ.

ಹೆಮ್ಮೆಗೆ ಆಧಾರವೂ ಇತ್ತೆನ್ನಿ. ಪಶ್ಚಿಮದ ಬಾಲ್ಕನಿಯ ಸುಡುಬಿಸಿಲಿಗೆ ಕಳ್ಳಿ, ಬಚ್ಚಲ ಕಿಟಕಿಯ ಹಬೆಗೆ ಜರಿಗಿಡ, ಗಾಳಿ ಬಡಿಯುವ ಟೆರೇಸಿನ ಮೂಲೆಗೆ ಲೋಳೆಸರ. ತಪ್ಪು ಜಾಗದಲ್ಲಿರುವ ಗಿಡ ಮನೆಯಲ್ಲಿ ಒಂದೂ ಇರಲಿಲ್ಲ. ಉತ್ತರದ ಕೋಣೆಗೆ ನೇರ ಬಿಸಿಲು ಬೀಳುವುದಿಲ್ಲ. ಅತ್ತೆಯ ಸ್ವಾಗತಕ್ಕೆಂದು ನೆರಳಲ್ಲೇ ನಳನಳಿಸುವ ಮನಿ ಪ್ಲಾಂಟನ್ನು ಹುಡುಕಿ ತಂದು ಮಂಚದ ತಲೆದೆಸೆಯಲ್ಲಿ ಇಟ್ಟೆ. ಅತ್ತೆ ಅದನ್ನು ನೋಡಿ, "ಚೆನ್ನಾಗಿದೆ ಅಳಿಯಂದ್ರೇ" ಎನ್ನುತ್ತ ಶಾಲನ್ನು ಕಿವಿಯ ತನಕ ಎಳೆದುಕೊಂಡರು. ಆಗಷ್ಟೇ ಚಳಿ ಶುರುವಾಗಿತ್ತು.

ಅಮ್ಮ ಇನ್ನು ಇಲ್ಲೇ ಇರಲಿ ಎಂದು ಹೆಂಡತಿಯ ಆಸೆ. ಅತ್ತೆ ಈವರೆಗೆ ಇದ್ದ ಮಗನ ಮನೆ ಇರುವುದು ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅತ್ತೆಯ ಎರಡು ಮಂಡಿಗಳೂ ಮುಷ್ಕರ ಹೂಡಿವೆ. ಆದರೆ ಅತ್ತೆ ಮೊದಲೇ ಹೇಳಿದ್ದರು: ಭಾನುವಾರದವರೆಗೆ ನೋಡುತ್ತೇನೆ, ಒಗ್ಗಿದರೆ ಇರುತ್ತೇನೆ, ಇಲ್ಲವಾದರೆ ಮಗ ಬಂದು ಕರೆದುಕೊಂಡು ಹೋಗಲಿ.

ಮರುದಿನದಿಂದಲೇ ಅತ್ತೆಯ ಕುರ್ಚಿಗೆ ಜೀವ ಬಂತು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ, ಮಧ್ಯಾಹ್ನ ಬಟ್ಟೆ ಒಣಹಾಕುವಲ್ಲಿ, ಸಂಜೆ ಬಾಲ್ಕನಿಯಲ್ಲಿ, ಕಳ್ಳಿಯ ಮುಳ್ಳು ಮಂಡಿಗೆ ತಾಗುವಷ್ಟು ಹತ್ತಿರ.

"ನಿಮ್ಮಮ್ಮ ಒಂದು ಕಡೆ ಕೂರೋ ಪೈಕಿ ಅಲ್ಲ ಕಣೇ," ಎಂದೆ ಶನಿವಾರ. "ಬಂದು ವಾರ ಆಗಿಲ್ಲ, ಮನೆಯೆಲ್ಲ ತಪಾಸಣೆ ಮಾಡ್ತಿದ್ದಾರೆ."

"ತಪಾಸಣೆ ಅಲ್ಲ ಕಣ್ರೀ. ಅಮ್ಮ ಬಿಸಿಲಿನ ಹಿಂದೆ ಹೋಗ್ತಿದ್ದಾಳೆ."

"ಹಾಗಂತ ಹೇಳಬಹುದಿತ್ತಲ್ಲ?"

"ಅಳಿಯನ ಮನೇಲಿ ಅದು ಕೊಡಿ, ಇದು ಕೊಡಿ ಅಂತ ಬಾಯಿ ಬಿಡ್ತಾಳಾ ಅವಳು? ನಿಮ್ಮ ಆರ್ಕಿಡ್ಡೇನು ಬಾಯಿ ಬಿಟ್ಟು ಕೇಳಿತ್ತಾ, ಪೂರ್ವದ ಕಿಟಕಿ ಬೇಕು ಅಂತ? ಅದರ ಎಲೆ ಒಂಚೂರು ಹಳದಿ ಆದ್ರೆ ಮನೆಗೆ ಮನೆಯನ್ನೇ ಎಬ್ಬಿಸ್ತೀರಿ. ಆ ಕಳ್ಳಿಗೆ ಜಾಗ ಗೊತ್ತುಮಾಡೋಕೆ ವಾರ ತಗೊಂಡೋರು, ನಮ್ಮಮ್ಮನಿಗೆ ತಲೇನೂ ಎತ್ತಲಿಲ್ಲ."

ಕಿಟಕಿಯತ್ತ ಬಾಗುವ ಮೊಳಕೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಬರೆದೇ ಕೂದಲು ನರೆಸಿಕೊಂಡವನು ನಾನು. ಮೊಳಕೆ ಬಾಗಿದರೆ ಅದು ಪಾಠ, ಅತ್ತೆ ಬಾಗಿದರೆ ತಪಾಸಣೆ! ನಾನು ಸಾಮಾನ್ಯವಾಗಿ ಮಾಡುವುದನ್ನೇ ಮಾಡಿದೆ: ಮೀಟರ್ ಎತ್ತಿಕೊಂಡು ಉತ್ತರದ ಕೋಣೆಗೆ ಹೊರಟೆ. ಆ ಕೋಣೆಯನ್ನು ಹಿಂದೆಯೂ ಅಳೆದಿದ್ದೆ, ಮನಿ ಪ್ಲಾಂಟಿಗಾಗಿ. ಈಗ ದಿಂಬಿನ ಮೇಲೆ ಹಿಡಿದೆ. ಮೀಟರಿನ ಮುಳ್ಳು ಮಲಗಿದ್ದ ಕಡೆಯಿಂದ ಏಳುವ ಮನಸ್ಸೇ ಮಾಡಲಿಲ್ಲ.

ಮಂಚದ ಅಂಚಿನಲ್ಲಿ ಕೂತು ಬಟ್ಟೆ ಮಡಚಿ ಪೆಟ್ಟಿಗೆಗೆ ಇಡುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಏನು ಅಳಿಯಂದ್ರೇ, ದಿಂಬಿಗೆ ಜ್ವರ ಬಂದಿದೆಯಾ?"

"ಅತ್ತೆ, ಪೆಟ್ಟಿಗೆ ಯಾಕೆ ತುಂಬ್ತಿದ್ದೀರಿ?"

"ನಾಳೆ ಮಗ ಬರ್ತಾನಲ್ಲ. ಬೇಜಾರು ಮಾಡ್ಕೋಬೇಡಿ. ಮನೆ ಚೆನ್ನಾಗಿದೆ, ಗಿಡಗಳಂತೂ ನೂರಕ್ಕೆ ನೂರು. ನನಗೇ ಯಾಕೋ ಒಗ್ಗಲಿಲ್ಲ. ಗಿಡವಾಗಿ ಬಗ್ಗದ್ದು ಈ ವಯಸ್ಸಲ್ಲಿ ಬಗ್ಗುತ್ತಾ?"

"ತಪ್ಪು ನಿಮ್ಮದಲ್ಲ ಅತ್ತೆ, ಕಿಟಕೀದು," ಎಂದೆ. ನನ್ನದು ಎನ್ನಲು ಆಗಲೂ ನಾಲಗೆ ಹೊರಳಲಿಲ್ಲ.

ಸಂಜೆಯೊಳಗೆ ಮಂಚ ಪೂರ್ವದ ಕೋಣೆ ಸೇರಿತು. ಆರ್ಕಿಡ್‌ಗಳು ಊಟದ ಮೇಜು, ಸೋಫಾದ ಕೈ, ಇಸ್ತ್ರಿ ಹಲಗೆ ಎಂದು ಸಿಕ್ಕ ಸಿಕ್ಕಲ್ಲಿ ಕೂತವು. ಎಲ್ಲಕ್ಕಿಂತ ನಾಜೂಕಿನದು ಫ್ರಿಜ್ಜಿನ ತಲೆಯೇರಿತು. "ಅಯ್ಯೋ, ನನ್ನಿಂದ ಅವು ಬಾಡಿಹೋಗ್ತವಲ್ಲಪ್ಪಾ" ಎಂದು ಅತ್ತೆ ಒದ್ದಾಡಿದರು. "ಒಗ್ಗಿಕೊಳ್ತಾವೆ ಬಿಡಿ" ಎಂದೆ. ಫ್ರಿಜ್ಜಿನ ಮೇಲೆ ಆರ್ಕಿಡ್ ಹೂಬಿಟ್ಟ ಉದಾಹರಣೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಹೆಂಡತಿ ಮಾತ್ರ ಒಂದೊಂದು ಕುಂಡ ಎತ್ತುವಾಗಲೂ ನನ್ನ ಮುಖವನ್ನೇ ನೋಡುತ್ತಿದ್ದಳು, ಯಾವಾಗ ಅಳುತ್ತಾರೋ ಎಂಬಂತೆ.

ಭಾನುವಾರ ಬೆಳಿಗ್ಗೆ ಮೆಲ್ಲನೆ ಇಣುಕಿದೆ. ಅತ್ತೆ ಕಣ್ಣು ಮುಚ್ಚಿ, ಕಾಲು ಚಾಚಿ ಮಲಗಿದ್ದರು. ಶಾಲು ನೆಲಕ್ಕೆ ಜಾರಿತ್ತು. ಕಿಟಕಿಯ ಬಿಸಿಲು ಎಡಮಂಡಿಯ ಮೇಲೆ ಬಿದ್ದಿತ್ತು, ಬಲಮಂಡಿಗೆ ಎಟುಕಿರಲಿಲ್ಲ. ಎಲ್ಲ ಮಗ್ಗುಲಿಗೂ ಬೆಳಕು ಸಿಗಲೆಂದು ಕುಂಡ ತಿರುಗಿಸಿ ಪಳಗಿದ ಕೈ ಎಲ್ಲಿ ಸುಮ್ಮನಿರುತ್ತದೆ? ಬಗ್ಗಿ ಮಂಚದ ಕಾಲು ಹಿಡಿದು ಒಂದು ಗೇಣು ಎಳೆದೆ. ಅದು ಕಿರ್ರೆಂದಿತು.

"ಹಾಂ, ಅಷ್ಟು ಸಾಕು," ಎಂದರು ಅತ್ತೆ, ಕಣ್ಣು ತೆರೆಯದೆ. "ಮಗನಿಗೆ ಬರಬೇಡ ಅಂತ ಫೋನ್ ಮಾಡಿದ್ದೀನಿ. ನೀವು ನೀರು ಮಾತ್ರ ಹಾಕಬೇಡಿ, ಅಳಿಯಂದ್ರೇ."