ಕೋಟಿನ ಗುಂಡಿ

“ಚೆಂಡು ಹಿಸುಕ್ತಾ ಕೂರೋಕೆ ನಾನೇನು ಮಗೂನಾ?” ಎಂದು ದರ್ಜಿ ಅಜ್ಜಿ ರಬ್ಬರ್ ಚೆಂಡನ್ನು ಮತ್ತೆ ಆಸ್ಪತ್ರೆಯ ಮಂಚದ ಕೆಳಗೆ ಉರುಳಿಸಿದರು. ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿದ್ದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ವ್ಯಾಯಾಮ ಮಾಡಿಸುವ ಹುಡುಗಿ ಈ ಸಲ ಚೆಂಡು ಹುಡುಕಲು ಬಗ್ಗಲಿಲ್ಲ. ತನ್ನ ಬಿಳಿ ಕೋಟು ಬಿಚ್ಚಿ, ಒಂದು ಗುಂಡಿಯನ್ನೂ ದಾರ ಪೋಣಿಸಿದ ಸೂಜಿಯನ್ನೂ ಅಜ್ಜಿಯ ಮುಂದಿಟ್ಟಳು. “ಗುಂಡಿ ಬಿದ್ದೋಗಿದೆ ಅಜ್ಜಿ. ನನಗೆ ಹಾಕೋಕೆ ಬರಲ್ಲ.”

“ಇಷ್ಟು ಓದಿ ಏನು ಬಂತು” ಎಂದು ಗೊಣಗುತ್ತಲೇ ಅಜ್ಜಿ ಕೋಟನ್ನು ಎಳೆದುಕೊಂಡರು. ಸೂಜಿ ಬಲಗೈ ಬೆರಳುಗಳಿಂದ ಜಾರಿತು, ಮತ್ತೆ ಜಾರಿತು, ಆಮೇಲೆ ನಿಂತಿತು. ಗುಂಡಿ ಸ್ವಲ್ಪ ಸೊಟ್ಟಗೆ ಕೂತಿತು, ಆದರೆ ಕೂತಿತು.

ಅಜ್ಜಿ ಕೋಟನ್ನು ಹಿಂದಿರುಗಿಸುತ್ತಾ ಕಣ್ಣು ಮಿಟುಕಿಸಿದರು. “ಇದು ತಾನಾಗಿ ಬಿದ್ದ ಗುಂಡಿ ಅಲ್ಲ, ಕತ್ತರಿ ಹಾಕಿದ್ದು ಅಂತ ಆಗಲೇ ಗೊತ್ತಾಯ್ತು ಕಣೆ. ನಾಳೆ ಎರಡು ಕತ್ತರಿಸ್ಕೊಂಡು ಬಾ.”